ನಮ್ಮ ವೈನ್ ಬಾಟಲಿ ನಾವೇ ಹೋಟೆಲಿಗೆ ತಗೊಂಡು ಹೋಗಬಹುದಾ?

ವಿಜಯಪುರದ ಓದುಗರೊಬ್ಬರ ಪ್ರಶ್ನೆ:

"ಸರ್, ನಮ್ಮದು ತಿಕೋಟಾ ಕಡೆ ದ್ರಾಕ್ಷಿ ತೋಟ. ಅಪ್ಪ ಇಷ್ಟು ವರ್ಷ ಒಣದ್ರಾಕ್ಷಿ ಮಾಡಿ ಮಾರಿದ್ದಾರೆ, ಆದರೆ ಒಂದು ಸಲವೂ ವೈನ್ ರುಚಿ ನೋಡಿಲ್ಲ. ಮುಂದಿನ ತಿಂಗಳು ಅಪ್ಪ-ಅವ್ವನ ಮದುವೆಯ 25ನೇ ವರ್ಷ. ಊರಲ್ಲೇ ಒಂದು ಫ್ಯಾಮಿಲಿ ರೆಸ್ಟೋರೆಂಟ್‌ನಲ್ಲಿ ಮನೆಯವರೆಲ್ಲ ಊಟಕ್ಕೆ ಸೇರೋಣ ಅಂತಿದ್ದೇವೆ. ಪುಣೆಯಲ್ಲಿರುವ ನನ್ನ ತಮ್ಮ, ಮಹಾರಾಷ್ಟ್ರದ ಅಕ್ಲೂಜ್‌ನ ವೈನರಿಗೆ ಹೋದಾಗ ಎರಡು ಬಾಟಲಿ ರೆಡ್ ವೈನ್ ತಂದಿದ್ದಾನೆ. ಗೋವಾದಿಂದ ತಂದ ಒಂದು ಸ್ಪಾರ್ಕ್ಲಿಂಗ್ (ಗುಳ್ಳೆ ಏಳುವ) ವೈನ್ ಕೂಡ ಮನೆಯಲ್ಲಿದೆ. ಇವನ್ನೇ ಹೋಟೆಲಿಗೆ ಒಯ್ಯಬಹುದಾ? ಫೋನ್ ಮಾಡಿದರೆ ಮ್ಯಾನೇಜರ್ 'ತಗೊಂಡ್ ಬರ್ರಿ, ನೋಡೋಣ' ಅಂದರು. ಒಬ್ಬ ಗೆಳೆಯ ಹೋಟೆಲಿಗೆ ಕಾರ್ಕೇಜ್ ಚಾರ್ಜ್ ಕೊಟ್ಟರೆ ಮುಗೀತು ಅಂತಾನೆ, ಇನ್ನೊಬ್ಬ ಪೊಲೀಸ್ ಕೇಸ್ ಆಗುತ್ತೆ ಅಂತಾನೆ. ನಮ್ಮ ಮಾವ ಬೈಪಾಸ್ ಪಕ್ಕದ ಧಾಬಾಗೆ ಹೋಗೋಣ, ಅಲ್ಲಿ ಯಾರೂ ಕೇಳೋದಿಲ್ಲ ಅಂತಾರೆ. ಹೋಟೆಲಿನವರಿಗೆ ಅವಮಾನ ಮಾಡಿದ ಹಾಗೂ ಆಗಬಾರದು, ಅಪ್ಪ-ಅವ್ವನ ಮುಂದೆ ಮುಜುಗರವೂ ಆಗಬಾರದು. ಏನು ಮಾಡಲಿ?"

ನಿಮ್ಮ ಪ್ರಶ್ನೆ ಓದಿ ಮೊದಲು ಖುಷಿಯಾಯಿತು. ವಿಜಯಪುರ ಜಿಲ್ಲೆಯಲ್ಲಿ ಜೀವನವಿಡೀ ದ್ರಾಕ್ಷಿ ಬೆಳೆದವರು ವೈನ್ ರುಚಿ ನೋಡದೇ ಇರುವುದು ತೀರಾ ಸಾಮಾನ್ಯ. ಅವರಿಗೆ ಒಂದು ಗ್ಲಾಸ್ ಒಳ್ಳೆ ವೈನ್ ಮರ್ಯಾದೆಯಿಂದ ಕುಡಿಸಬೇಕು ಅನ್ನುವ ಆಸೆ ತಪ್ಪಲ್ಲ. ನಾನು ಬೆಳಗಾವಿಯಲ್ಲಿ, ಆಮೇಲೆ ಬೇರೆ ಊರುಗಳಲ್ಲಿ, ಹೋಟೆಲುಗಳ ಊಟ ಮತ್ತು ಬಾರ್ ವಿಭಾಗ ನೋಡಿಕೊಂಡವನು. ಈ ಪ್ರಶ್ನೆಯನ್ನು ಕೌಂಟರ್‌ನ ಆ ಕಡೆ ನಿಂತು ಬಹಳ ಸಲ ಕೇಳಿಸಿಕೊಂಡಿದ್ದೇನೆ. ಹಾಗಾಗಿ ಹೋಟೆಲಿನವರು ಬಾಯಿಬಿಟ್ಟು ಹೇಳದ ಮಾತುಗಳನ್ನೂ ಸೇರಿಸಿ ಹೇಳುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಿಷಯ ಕಲೆತುಹೋಗಿವೆ. ಒಂದು, ಹೊರಗಿನ ಬಾಟಲಿಯನ್ನು ಹೋಟೆಲಿನಲ್ಲಿ ತೆರೆಯಬಹುದಾ ಅನ್ನುವುದು. ಇನ್ನೊಂದು, ನಿಮ್ಮ ಕೈಯಲ್ಲಿರುವ ಆ ಬಾಟಲಿಗಳು ಎಲ್ಲಿಂದ ಬಂದವು ಅನ್ನುವುದು. ನಿಮಗೆ ಮೊದಲನೆಯದರ ಚಿಂತೆ ಜಾಸ್ತಿ ಇದೆ. ನನಗೆ ಎರಡನೆಯದರ ಚಿಂತೆ.

ಆ ಎರಡನೆಯದನ್ನೇ ಮೊದಲು ನೋಡೋಣ. ಮದ್ಯದ ವಿಷಯ ನಮ್ಮ ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯಲ್ಲಿದೆ. ಜಿಎಸ್‌ಟಿ ಬಂದಾಗಲೂ ಕುಡಿಯುವ ಮದ್ಯವನ್ನು ಅದರಿಂದ ಹೊರಗೇ ಇಟ್ಟರು. ಅಂದರೆ ಒಂದೊಂದು ರಾಜ್ಯ ತನ್ನದೇ ಅಬಕಾರಿ ಸುಂಕ ಹಾಕುತ್ತದೆ, ತನ್ನದೇ ಲೇಬಲ್ ನೋಂದಣಿ ಮಾಡುತ್ತದೆ. ಬಾಟಲಿ ತಿರುಗಿಸಿ ಹಿಂದಿನ ಚೀಟಿ ಓದಿ. ಬಹಳ ಮಟ್ಟಿಗೆ ಅಲ್ಲಿ 'ಮಹಾರಾಷ್ಟ್ರದಲ್ಲಿ ಮಾರಾಟಕ್ಕೆ ಮಾತ್ರ', 'ಗೋವಾದಲ್ಲಿ ಮಾರಾಟಕ್ಕೆ ಮಾತ್ರ' ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಅದು ಸುಮ್ನೆ ಅಚ್ಚು ಹಾಕಿದ್ದಲ್ಲ. ಆ ಬಾಟಲಿಯ ಸುಂಕ ಆ ರಾಜ್ಯಕ್ಕೆ ಹೋಗಿದೆ, ಕರ್ನಾಟಕಕ್ಕೆ ಬಂದಿಲ್ಲ ಅಂತ ಅರ್ಥ. ಅಂಥ ಬಾಟಲಿಯನ್ನು ಗಡಿ ದಾಟಿಸಿ ಇಲ್ಲಿಗೆ ತರಲು ಅಬಕಾರಿ ಅನುಮತಿ ಬೇಕು. "ಬಿಲ್ ಇದೆಯಲ್ಲ" ಅಂತ ಬಹಳ ಜನ ಹೇಳುತ್ತಾರೆ. ನೀವು ಕದ್ದಿಲ್ಲ, ಕೊಂಡಿದ್ದೀರಿ ಅಂತಷ್ಟೇ ಬಿಲ್ ತೋರಿಸುತ್ತದೆ. ಅನುಮತಿಯ ಜಾಗಕ್ಕೆ ಅದು ಬರುವುದಿಲ್ಲ.

ನಮ್ಮ ಬೆಳಗಾವಿ, ವಿಜಯಪುರ ಕಡೆಯವರಿಗೆ ಇದು ಗೊತ್ತಿರಲೇಬೇಕು, ಯಾಕೆಂದರೆ ನಾವು ಇರುವುದೇ ಗಡಿಯ ಹತ್ತಿರ. ಬೆಳಗಾವಿಯವರಿಗೆ ಚೋರ್ಲಾ ಘಾಟಿನ ರಸ್ತೆಯಲ್ಲಿ ಕಣಕುಂಬಿ, ನಿಪ್ಪಾಣಿ ಕಡೆ ಕೊಗನೊಳ್ಳಿ. ನಿಮಗೆ ಸೊಲ್ಲಾಪುರ ರಸ್ತೆಯಲ್ಲಿ ಧೂಳಖೇಡ. ಚುನಾವಣೆ ಬಂತೆಂದರೆ ಅಲ್ಲಿ ಡಿಕ್ಕಿ ತೆಗೆಸದೆ ಬಿಡುವುದಿಲ್ಲ. ನಿಮ್ಮ ತಮ್ಮ ಏನೋ ಕಳ್ಳಸಾಗಣೆ ಮಾಡಿದ್ದಾನೆ ಅಂತ ನಾನು ಹೇಳುತ್ತಿಲ್ಲ. ಗೊತ್ತಿಲ್ಲದೆ ತಂದಿದ್ದಾನೆ, ನೂರಾರು ಜನ ತರುತ್ತಾರೆ. ಆದರೆ ಆ ಬಾಟಲಿಗಳನ್ನು ಒಂದು ಲೈಸೆನ್ಸ್ ಇರುವ ರೆಸ್ಟೋರೆಂಟ್‌ನ ಟೇಬಲ್ ಮೇಲೆ ಇಡುವುದು ಬೇರೆಯೇ ಮಾತು. ಅಲ್ಲಿ ನಿಮಗಿಂತ ಜಾಸ್ತಿ ಕಷ್ಟ ಆ ಹೋಟೆಲ್ ಮಾಲೀಕರಿಗೆ.

ಯಾಕೆ ಅಂದರೆ, ಕರ್ನಾಟಕದಲ್ಲಿ ಬಾರ್ ಇರುವ ರೆಸ್ಟೋರೆಂಟ್‌ಗೆ ಸಾಮಾನ್ಯವಾಗಿ ಸಿಎಲ್-9 ಲೈಸೆನ್ಸ್ ಇರುತ್ತದೆ. ಲಾಡ್ಜಿಂಗ್ ಇರುವ ಹೋಟೆಲಿಗೆ ಸಿಎಲ್-7. ಇವರು ತಮ್ಮ ಮಾಲನ್ನು ರಾಜ್ಯದ ಪಾನೀಯ ನಿಗಮದ ಡಿಪೋದಿಂದಲೇ ಎತ್ತಬೇಕು. ಪ್ರತಿ ಬಾಟಲಿಗೂ ಸ್ಟಾಕ್ ರಿಜಿಸ್ಟರ್‌ನಲ್ಲಿ ಲೆಕ್ಕ ಇರುತ್ತದೆ. ಅಬಕಾರಿ ಇನ್‌ಸ್ಪೆಕ್ಟರ್ ಬಂದಾಗ ಮೊದಲು ನೋಡುವುದೇ ಅದು: ಇಲ್ಲಿರುವ ಬಾಟಲಿ, ಪುಸ್ತಕದಲ್ಲಿರುವ ಬಾಟಲಿ ತಾಳೆಯಾಗುತ್ತದಾ ಅಂತ. ಆ ಹೊತ್ತಿಗೆ ಟೇಬಲ್ ಮೇಲೆ ಗೋವಾ ಲೇಬಲ್‌ನ ಬಾಟಲಿ ಕಂಡರೆ, "ಸಾಹೇಬ್ರ, ಅದು ಗಿರಾಕಿ ತಂದದ್ದು" ಅನ್ನುವ ಮಾತನ್ನು ಅವರು ನಂಬಲೇಬೇಕು ಅಂತೇನಿಲ್ಲ. ಹೊರ ರಾಜ್ಯದ ಅಗ್ಗದ ಮಾಲು ತಂದು ಮಾರುವವರು ಹೇಳುವುದೂ ಇದೇ ಮಾತು, ಅಲ್ವಾ? ಲಕ್ಷಗಟ್ಟಲೆ ಫೀಸ್ ಕಟ್ಟಿ ಪಡೆದ ಲೈಸೆನ್ಸನ್ನು ನಿಮ್ಮ ಒಂದು ಬಾಟಲಿಗಾಗಿ ಪಣಕ್ಕಿಡಲು ಯಾವ ಮಾಲೀಕನೂ ಒಪ್ಪುವುದಿಲ್ಲ. ಒಪ್ಪಬಾರದು ಕೂಡ.

ಇನ್ನು ಆ ಮ್ಯಾನೇಜರ್ ಹೇಳಿದ 'ತಗೊಂಡ್ ಬರ್ರಿ, ನೋಡೋಣ'. ನಮ್ಮ ಧಂದೆಯಲ್ಲಿ ಅದಕ್ಕೆ ಹೌದು ಅಂತ ಅರ್ಥವಿಲ್ಲ. ದೊಡ್ಡ ಬುಕಿಂಗ್ ಕೈತಪ್ಪಬಾರದು, ಇಲ್ಲ ಅನ್ನಲು ಮನಸ್ಸಿಲ್ಲ ಅಂತ ಅರ್ಥ. ಆ ದಿನ ಮಾಲೀಕರು ಕೌಂಟರ್‌ನಲ್ಲಿ ಕೂತಿದ್ದರೆ ಇಲ್ಲ ಅನ್ನುತ್ತಾರೆ, ಇರದಿದ್ದರೆ ಬಾಟಲಿಯನ್ನು ಪೇಪರ್‌ನಲ್ಲಿ ಸುತ್ತಿ ಟೇಬಲ್ ಕೆಳಗೆ ಇಟ್ಟುಕೊಳ್ಳಿ ಅನ್ನುತ್ತಾರೆ. ಮದುವೆಯ 25ನೇ ವರ್ಷದ ಊಟದಲ್ಲಿ ನಿಮ್ಮ ಅಪ್ಪ ಸ್ಟೀಲ್ ಲೋಟದಲ್ಲಿ ಮುಚ್ಚಿಕೊಂಡು ವೈನ್ ಕುಡಿಯುವುದು ನನಗಂತೂ ಇಷ್ಟವಿಲ್ಲ. ನಿಮಗೂ ಇರಲಿಕ್ಕಿಲ್ಲ.

ಈಗ ಗೆಳೆಯರ ಮಾತು. ಕಾರ್ಕೇಜ್ ಕೊಟ್ಟರೆ ಮುಗೀತು ಅನ್ನುವುದು ಅರ್ಧ ನಿಜ. ಕಾರ್ಕೇಜ್ ಅಂದರೆ ನೀವು ತಂದ ಬಾಟಲಿಯನ್ನು ತೆರೆದು, ತಣ್ಣಗೆ ಮಾಡಿ, ಗ್ಲಾಸ್ ಇಟ್ಟು ಬಡಿಸುವುದಕ್ಕೆ ಹೋಟೆಲ್ ತೆಗೆದುಕೊಳ್ಳುವ ಚಾರ್ಜ್. ಅದು ಹೋಟೆಲ್ ಮತ್ತು ಗಿರಾಕಿಯ ನಡುವಿನ ಒಪ್ಪಂದ ಅಷ್ಟೇ. ಅದು ಕಾನೂನಿನ ರಸೀದಿ ಅಲ್ಲ. ನೀವು ಎರಡು ಸಾವಿರ ಕಾರ್ಕೇಜ್ ಕೊಟ್ಟರೂ ಗೋವಾ ಬಾಟಲಿ ಕರ್ನಾಟಕದ ಬಾಟಲಿ ಆಗುವುದಿಲ್ಲ, ಲೈಸೆನ್ಸ್ ಇಲ್ಲದ ಜಾಗ ಲೈಸೆನ್ಸ್ ಇರುವ ಜಾಗ ಆಗುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 'ಗಿರಾಕಿಯೇ ತನ್ನ ಬಾಟಲಿ ತರಬಹುದು' ಅನ್ನುವುದಕ್ಕೇ ಬೇರೆ ಪರ್ಮಿಟ್ ಇದೆ. ಅಲ್ಲಿಗೆ ಹೋಗಿಬಂದವರು, ವಿಡಿಯೋ ನೋಡಿದವರು ಇಲ್ಲೂ ಹಾಗೇ ಅಂದುಕೊಳ್ಳುತ್ತಾರೆ. ನಮ್ಮ ಅಬಕಾರಿ ಲೈಸೆನ್ಸ್‌ಗಳಲ್ಲಿ ಅಂಥ ಒಂದು ಬಗೆಯೇ ಇಲ್ಲ. ದೊಡ್ಡ ಊರಿನ ಕೆಲವು ಸ್ಟಾರ್ ಹೋಟೆಲುಗಳು ಬಿಲ್ ಇರುವ ಒಳ್ಳೆಯ ವೈನ್ ಬಾಟಲಿಗೆ ಕಾರ್ಕೇಜ್ ಹಾಕಿ ಒಪ್ಪುತ್ತವೆ. ಅದು ಆಯಾ ಹೋಟೆಲ್ ತನ್ನ ಜವಾಬ್ದಾರಿಯ ಮೇಲೆ ತೆಗೆದುಕೊಳ್ಳುವ ತೀರ್ಮಾನ. ನಿಮಗೆ ಅದು ಹಕ್ಕಾಗಿ ಬರುವುದಿಲ್ಲ.

ಪೊಲೀಸ್ ಕೇಸ್ ಅನ್ನುವ ಗೆಳೆಯನ ಮಾತು ನಿಮ್ಮ ಮಾವನ ಧಾಬಾಕ್ಕೆ ಸರಿಯಾಗಿ ಹೊಂದುತ್ತದೆ. ಪೇಪರ್‌ನ ಜಿಲ್ಲಾ ಪುಟದಲ್ಲಿ ನೀವೂ ಓದಿರುತ್ತೀರಿ: 'ಧಾಬಾದಲ್ಲಿ ಅಕ್ರಮವಾಗಿ ಮದ್ಯ ಸೇವನೆಗೆ ಅವಕಾಶ, ಪ್ರಕರಣ ದಾಖಲು'. ಕರ್ನಾಟಕ ಅಬಕಾರಿ ಕಾಯ್ದೆ 1965ರ ಕಲಂ 15(ಎ) ಸಾರ್ವಜನಿಕ ಜಾಗದಲ್ಲಿ ಕುಡಿಯುವುದನ್ನು ತಡೆಯುತ್ತದೆ. ಇಂಥ ಕೇಸುಗಳಲ್ಲಿ ಅದರ ಜೊತೆಗೇ 32(3) ಕೂಡ ಹಾಕುತ್ತಾರೆ. ಲೈಸೆನ್ಸ್ ಇಲ್ಲದ ಧಾಬಾ, ಖಾನಾವಳಿ, ಊಟದ ಹೋಟೆಲ್ ಎಲ್ಲವೂ ಇದಕ್ಕೆ ಸಿಗುತ್ತವೆ. ನಮ್ಮ ಕಡೆಯ ಸಾವಜಿ ಖಾನಾವಳಿಗಳ ಊಟದ ಮೇಲೆ ನನಗೆ ಬಹಳ ಪ್ರೀತಿ. ಆದರೆ ಅಲ್ಲಿಗೆ ಬಾಟಲಿ ಒಯ್ದು ಕೂತು, ಆ ಮನೆಯವರನ್ನು ಸಿಕ್ಕಿಸಬೇಡಿ. ಎಷ್ಟೋ ಖಾನಾವಳಿಗಳನ್ನು ಒಂದೇ ಕುಟುಂಬ ನಡೆಸುತ್ತದೆ, ಒಂದು ಕೇಸ್ ಬಿದ್ದರೆ ಅವರ ಹೊಟ್ಟೆಪಾಡಿಗೇ ಪೆಟ್ಟು. 'ಅಲ್ಲಿ ಯಾರೂ ಕೇಳೋದಿಲ್ಲ' ಅನ್ನುವುದು ಕೇಳುವವರು ಬರುವ ತನಕ ಮಾತ್ರ.

ಇಷ್ಟರಲ್ಲಿ ಒಂದು ಸುಳ್ಳು ಭಯವನ್ನೂ ತೆಗೆದುಬಿಡುತ್ತೇನೆ. ಸೊಲ್ಲಾಪುರ, ಸಾಂಗ್ಲಿ ಕಡೆ ನೆಂಟರಿರುವವರು "ಕುಡಿಯುವುದಕ್ಕೇ ಪರ್ಮಿಟ್ ಬೇಕು" ಅಂತ ಹೇಳುತ್ತಾರೆ. ಅದು ಮಹಾರಾಷ್ಟ್ರದ್ದು. ಅಲ್ಲಿ 1949ರ ಬಾಂಬೆ ಪಾನನಿಷೇಧ ಕಾಯ್ದೆ ಇನ್ನೂ ನಡೆಯುತ್ತಿದೆ, ಅದರಂತೆ ಕುಡಿಯುವವರು ಪರ್ಮಿಟ್ ಇಟ್ಟುಕೊಳ್ಳಬೇಕು. ನಮ್ಮ ಬೆಳಗಾವಿ, ವಿಜಯಪುರ ಜಿಲ್ಲೆಗಳೂ 1956ರ ತನಕ ಬಾಂಬೆ ರಾಜ್ಯದಲ್ಲೇ ಇದ್ದವು, ಹಾಗಾಗಿ ಹಳೆಯ ತಲೆಮಾರಿನವರ ನೆನಪಿನಲ್ಲೂ ಆ ಪರ್ಮಿಟ್ ಮಾತು ಉಳಿದಿದೆ. ಇವತ್ತು ಕರ್ನಾಟಕದಲ್ಲಿ ನಿಮ್ಮ ಅಪ್ಪನಿಗೆ ಒಂದು ಗ್ಲಾಸ್ ವೈನ್ ಕುಡಿಯಲು ಯಾವ ಪರ್ಮಿಟ್ಟೂ ಬೇಡ.

ಹೋಟೆಲಿನವರಿಗೆ ಅವಮಾನ ಆಗುತ್ತದಾ ಅಂತ ಕೇಳಿದ್ದೀರಿ. ಮೊದಲೇ ಕೇಳಿದರೆ ಖಂಡಿತ ಆಗುವುದಿಲ್ಲ. ಕೇಳದೆ ಬ್ಯಾಗಿನಿಂದ ತೆಗೆದರೆ ಆಗುತ್ತದೆ. ಅವರ ಲೆಕ್ಕವೂ ಸ್ವಲ್ಪ ಗೊತ್ತಿರಲಿ. ಅಂಗಡಿಯಲ್ಲಿ ಒಂಬೈನೂರಕ್ಕೆ ಸಿಗುವ ಬಾಟಲಿಗೆ ಹೋಟೆಲಿನಲ್ಲಿ ಎರಡು ಸಾವಿರ ಹಾಕಿದರೆ ಲೂಟಿ ಅಂತ ಬೈಯುತ್ತಾರೆ. ಆ ಹಣದಲ್ಲಿ ಲೈಸೆನ್ಸ್ ಫೀಸ್ ಇದೆ, ಎಸಿ ಇದೆ, ಬಡಿಸುವ ಹುಡುಗನ ಪಗಾರ ಇದೆ, ಒಡೆಯುವ ಗ್ಲಾಸ್ ಇದೆ. ವೈನ್‌ನಲ್ಲಿ ಇನ್ನೊಂದು ನಷ್ಟ ಇದೆ, ವಿಸ್ಕಿಯಲ್ಲಿ ಇಲ್ಲದ್ದು. ವಿಸ್ಕಿ ಬಾಟಲಿ ತೆರೆದಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ವೈನ್ ತೆರೆದ ಮೇಲೆ ಗಾಳಿ ತಾಗಿ ಕೆಡಲು ಶುರುವಾಗುತ್ತದೆ, ಫ್ರಿಜ್‌ನಲ್ಲಿಟ್ಟರೂ ಮೂರರಿಂದ ಐದು ದಿನ. ವಿಜಯಪುರದಂಥ ಊರಿನಲ್ಲಿ ಒಂದು ಗ್ಲಾಸ್ ವೈನ್ ಹೋದರೆ ಉಳಿದ ನಾಲ್ಕು ಗ್ಲಾಸ್ ಚೆಲ್ಲಬೇಕಾಗುವುದೇ ಜಾಸ್ತಿ. ಅದಕ್ಕೇ ನಮ್ಮ ಕಡೆ ಎಷ್ಟೋ ಬಾರ್‌ಗಳಲ್ಲಿ ಒಳ್ಳೆಯ ವೈನ್ ಇಡುವುದಿಲ್ಲ, ಇಟ್ಟರೂ ಧೂಳು ಹಿಡಿದಿರುತ್ತದೆ. ಬೆಲೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ನೀರಿನ ಬಾಟಲಿ ಪ್ರಕರಣದಲ್ಲಿ ಒಂದು ಮಾತು ಹೇಳಿದೆ: ಹೋಟೆಲ್ ಮಾಡುವುದು ಬರೀ ಮಾರಾಟವಲ್ಲ, ಅದರಲ್ಲಿ ಸೇವೆಯೂ ಸೇರಿದೆ, ಹಾಗಾಗಿ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದು ಅಂತ. ಬಿಲ್ಲಿನ ಕೊನೆಯಲ್ಲಿ ತಾವಾಗಿಯೇ ಸೇರಿಸುವ ಸರ್ವಿಸ್ ಚಾರ್ಜ್ ಮಾತ್ರ ಬೇರೆ. ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯಂತೆ ಅದನ್ನು ನೀವು ಬೇಡ ಅನ್ನಬಹುದು. ಕಾರ್ಕೇಜನ್ನು ಹಾಗೆ ಬೇಡ ಅನ್ನಲು ಬರುವುದಿಲ್ಲ, ಅದನ್ನು ನೀವು ಮೊದಲೇ ಒಪ್ಪಿ ಕೂತಿರುತ್ತೀರಿ.

ಸರಿ, ಹಾಗಾದರೆ ಏನು ಮಾಡುವುದು?

ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಡುವುದು ಇದು. ಲೈಸೆನ್ಸ್ ಇರುವ ಆ ರೆಸ್ಟೋರೆಂಟ್‌ಗೆ ಊಟಕ್ಕೆ ಹತ್ತು ಹದಿನೈದು ದಿನ ಮೊದಲೇ ಹೋಗಿ, ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ, ಮಾಲೀಕರನ್ನೇ ಕಾಣುತ್ತೇನೆ. "ಇಂಥ ದಿನ ಇಷ್ಟು ಜನ ಬರ್ತೀವಿ, ನಮಗೆ ಈ ವೈನ್ ಬೇಕು, ತರಿಸಿಕೊಡ್ತೀರಾ" ಅಂತ ಹೆಸರು ಬರೆದು ಕೊಡುತ್ತೇನೆ. ದೇಶದ ದೊಡ್ಡ ವೈನರಿಗಳ ಬಹಳಷ್ಟು ಲೇಬಲ್‌ಗಳು ಕರ್ನಾಟಕದಲ್ಲೂ ನೋಂದಣಿಯಾಗಿವೆ. ಅಕ್ಲೂಜ್‌ನ ವೈನ್ ಕೂಡ ಕರ್ನಾಟಕದ ಲೇಬಲ್‌ನಲ್ಲಿ ಸಿಗುತ್ತದಾ ಅಂತ ಕೇಳಿ ನೋಡಿ. ಡಿಪೋದಲ್ಲಿ ಇದ್ದರೆ ಅವರೇ ಎತ್ತುತ್ತಾರೆ. ಎರಡು ಮೂರು ಬಾಟಲಿ ನೀವೇ ಮುಗಿಸುತ್ತೀರಿ ಅಂತ ಗೊತ್ತಾದರೆ ಅವರಿಗೆ ಚೆಲ್ಲುವ ಭಯ ಇಲ್ಲ, ಆಗ ಬೆಲೆಯಲ್ಲೂ ಸ್ವಲ್ಪ ಬಿಡುತ್ತಾರೆ. ಬೆಲೆಯ ಮಾತನ್ನು ಅವತ್ತೇ ಆಡಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಈ ದಾರಿಯಲ್ಲಿ ಸ್ವಲ್ಪ ದುಡ್ಡು ಜಾಸ್ತಿ ಹೋಗುತ್ತದೆ, ಬೇರೆ ಯಾವ ತಲೆನೋವೂ ಇಲ್ಲ.

ಆ ಲೇಬಲ್ ಅವರಿಗೆ ಸಿಗಲಿಲ್ಲ ಅನ್ನಿ. ಆಗ ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಕರ್ನಾಟಕದ ಅಂಗಡಿಯಲ್ಲೇ ಬಿಲ್ ಸಮೇತ ಕೊಂಡ ಬಾಟಲಿಯನ್ನು ತರಲು ಒಪ್ಪುತ್ತೀರಾ ಅಂತ ಕೇಳಬಹುದು. ಒಪ್ಪಿದರೆ ಬಾಟಲಿ ಸೀಲ್ ಒಡೆಯದೆ ಇರಬೇಕು, ಅವರ ಪಟ್ಟಿಯಲ್ಲಿರುವ ವೈನನ್ನೇ ಒಯ್ಯಬಾರದು, ಬಿಲ್ ಜೇಬಿನಲ್ಲಿರಬೇಕು, ಕಾರ್ಕೇಜ್ ಎಷ್ಟು ಅಂತ ಮೊದಲೇ ಮಾತಾಗಿರಬೇಕು. ಒಪ್ಪದಿದ್ದರೆ ಒತ್ತಾಯ ಮಾಡಬೇಡಿ. ಲೈಸೆನ್ಸಿನ ರಿಸ್ಕ್ ಅವರದು, ನಿಮ್ಮದಲ್ಲ.

ಹೋಟೆಲೇ ಬೇಕು ಅಂತೇನಿಲ್ಲ ಅಂದರೆ ಇನ್ನೊಂದು ದಾರಿ ನನಗೆ ತುಂಬಾ ಇಷ್ಟ. ಊಟ ಖಾನಾವಳಿಯಿಂದ ಪಾರ್ಸಲ್ ತರಿಸಿ, ವೈನ್ ಇಲ್ಲಿನ ಅಂಗಡಿಯಿಂದ ತಂದು, ತೋಟದ ಮನೆಯಲ್ಲೇ ಕೂತುಬಿಡಿ. ಸ್ವಂತ ಮನೆಯಲ್ಲಿ, ಮನೆಯವರ ಜೊತೆ, ಇಟ್ಟುಕೊಳ್ಳಬಹುದಾದ ಮಿತಿಯೊಳಗೆ ಎರಡು ಮೂರು ಬಾಟಲಿ ತೆರೆದರೆ ಯಾರ ತಕರಾರೂ ಇಲ್ಲ. ಮಾರುವ ಹಾಗಿಲ್ಲ ಅಷ್ಟೇ. ಹಾಲ್ ಬಾಡಿಗೆಗೆ ಹಿಡಿದು ನೂರಾರು ಜನರನ್ನು ಕರೆದು ಮದ್ಯ ಇಡುವುದಾದರೆ ಮಾತ್ರ ಸಿಎಲ್-5 ಅನ್ನುವ ತಾತ್ಕಾಲಿಕ ಲೈಸೆನ್ಸ್ ತೆಗೆಸಬೇಕು, ಅದಕ್ಕೆ ಜಿಲ್ಲೆಯ ಅಬಕಾರಿ ಕಚೇರಿಗೆ ಹೋಗಬೇಕು. ನಿಮ್ಮ ಮನೆಯವರಷ್ಟೇ ಸೇರುವ ಊಟಕ್ಕೆ ಅಷ್ಟೆಲ್ಲ ಓಡಾಟ ಬೇಡ.

ತೋಟದ ಮನೆ ಅಂದ ಕೂಡಲೇ ಯಾರಾದರೂ "ನಮ್ಮ ದ್ರಾಕ್ಷಿಯಿಂದಲೇ ವೈನ್ ಮಾಡೋಣ" ಅನ್ನುತ್ತಾರೆ. ಬೇಡ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ತಪ್ಪು, ಅದು ಮನೆಗೆ ಎಂದರೂ ಅಷ್ಟೇ. ಮನೆಯ ವೈನ್ ವಿಷ ಆಗುತ್ತದೆ, ಕಣ್ಣು ಹೋಗುತ್ತದೆ ಅಂತ ಹೆದರಿಸುತ್ತಾರೆ. ದ್ರಾಕ್ಷಿ ಹುದುಗಿದಾಗ ಮೆಥನಾಲ್ ಅನ್ನುವ ವಿಷದ ಅಲ್ಕೋಹಾಲ್ ಹುಟ್ಟುವುದು ತೀರಾ ಸ್ವಲ್ಪ. ಕಣ್ಣು ಹೋಗುವ ದುರಂತಗಳು ಆಗುವುದು ಕಳ್ಳಬಟ್ಟಿಗೆ ಕೈಗಾರಿಕೆಯ ಮೆಥನಾಲ್ ಬೆರೆಸಿದಾಗ. ಮನೆ ವೈನ್‌ನಲ್ಲಿ ನಿಜವಾದ ಅಪಾಯ ಅಂದರೆ, ಪೂರ್ತಿ ಹುದುಗುವ ಮೊದಲೇ ಬಿರಡೆ ಹಾಕಿದ ಬಾಟಲಿ ಗ್ಯಾಸ್ ತುಂಬಿ ಸಿಡಿಯುವುದು. ಇನ್ನೊಂದು, ನಿಮ್ಮ ತೋಟದಲ್ಲಿರುವುದು ಬಹುಶಃ ಥಾಮ್ಸನ್ ಸೀಡ್‌ಲೆಸ್ ಅಥವಾ ಅದರಿಂದ ಬಂದ ಸೋನಾಕಾ, ಮಾಣಿಕ್ ಚಮನ್. ತಿನ್ನಲು, ಒಣಗಿಸಲು ಚೆನ್ನಾದ ತಳಿಗಳು ಇವು. ವೈನ್‌ಗೆ ಬೇಕಾದ ಹುಳಿ ಇವುಗಳಲ್ಲಿ ಕಡಿಮೆ, ರೆಡ್ ವೈನ್‌ಗೆ ಬಣ್ಣ ಕೊಡುವ ಕಪ್ಪು ಸಿಪ್ಪೆ ಇಲ್ಲವೇ ಇಲ್ಲ. ವೈನ್‌ಗೆ ಕ್ಯಾಬರ್ನೆ, ಶಿರಾಜ್, ಶೆನಿನ್ ಬ್ಲಾಂಕ್‌ನಂಥ ಬೇರೆಯೇ ತಳಿ ಬೇಕು. ಆ ತಳಿಗಳಿಗೆ ಗೊಂಚಲು ಸಣ್ಣ, ಕಾಯಿ ಸಣ್ಣ, ಎಕರೆಗೆ ಬರುವ ತೂಕವೂ ಕಡಿಮೆ. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಾಗ ನಮ್ಮ ಕೃಷ್ಣಾ ಕಣಿವೆಯ ರೈತರಿಗೂ ದೊಡ್ಡ ಆಸೆ ಇತ್ತು. ಆದರೆ ಕೊಳ್ಳುವ ವೈನರಿ ಹತ್ತಿರ ಇಲ್ಲದಿದ್ದರೆ ಆ ದ್ರಾಕ್ಷಿಯನ್ನು ಸಂತೆಯಲ್ಲಿ ಮಾರಲು ಬರುವುದಿಲ್ಲ. ಒಣದ್ರಾಕ್ಷಿ ಹಾಗಲ್ಲ, ಬೆಲೆ ಬರುವ ತನಕ ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ಕಾಯಬಹುದು. ನಿಮ್ಮ ಅಪ್ಪ ಒಣದ್ರಾಕ್ಷಿ ಬಿಡದೇ ಇದ್ದುದಕ್ಕೆ ಗಟ್ಟಿ ಕಾರಣ ಇದೆ. ಟೇಬಲ್ ಮುಂದೆ ಈ ಮಾತು ತೆಗೆಯಿರಿ, ನಿಮಗಿಂತ ಚೆನ್ನಾಗಿ ಅವರು ವಿವರಿಸುತ್ತಾರೆ.

ಯಾವ ವೈನ್ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಮೊದಲ ಗುಟುಕು ಕಹಿಯಾದರೆ ಅವರು ಇನ್ನೊಮ್ಮೆ ಮುಟ್ಟುವುದಿಲ್ಲ. ನಮ್ಮ ಊಟ ಖಾರ. ಎಣ್ಣೆಗಾಯಿ, ಶೇಂಗಾ ಹಿಂಡಿ, ಸಾವಜಿ ಮಟನ್. ಗಟ್ಟಿ ರೆಡ್ ವೈನ್‌ನಲ್ಲಿ ಒಗರು ಜಾಸ್ತಿ, ಅಲ್ಕೋಹಾಲ್ ಕೂಡ ನೂರಕ್ಕೆ 13-14ರ ತನಕ ಹೋಗುತ್ತದೆ. ಖಾರದ ಮೇಲೆ ಅದು ಬಿದ್ದರೆ ಉರಿ ಹೆಚ್ಚುತ್ತದೆ, ಒಗರು ಕಹಿಯಾಗಿ ಕಾಣುತ್ತದೆ. ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂಕ್ ಬಿಳಿ ವೈನ್, ಅಥವಾ ಗುಲಾಬಿ ಬಣ್ಣದ ರೋಸೆ, ಚೆನ್ನಾಗಿ ತಣ್ಣಗೆ ಮಾಡಿ ಕೊಡಿ. ಅದು ಖಾರವನ್ನು ಮಜ್ಜಿಗೆಯಂತೆ ತಣಿಸುತ್ತದೆ. ರೆಡ್ ಬೇಕೇ ಬೇಕು ಅಂದರೆ ಊಟಕ್ಕೆ ಮೊದಲು, ಖಾರವಿಲ್ಲದ ಹುರಿದ ಗೋಡಂಬಿ, ಪನೀರ್ ಅಥವಾ ತಂದೂರಿ ಜೊತೆ. ರೆಡ್ ವೈನನ್ನು ರೂಮಿನ ತಾಪದಲ್ಲಿ ಕುಡಿಯಬೇಕು ಅನ್ನುವ ಮಾತು ತಂಪು ದೇಶಗಳದ್ದು, ಅಲ್ಲಿ ರೂಮ್ ಅಂದರೆ 16-18 ಡಿಗ್ರಿ. ವಿಜಯಪುರದಲ್ಲಿ ಬೇಸಿಗೆಯಲ್ಲಿ 40 ದಾಟುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಬಿಳಿ ವೈನ್ 8-12 ಡಿಗ್ರಿ, ಸ್ಪಾರ್ಕ್ಲಿಂಗ್ ಇನ್ನೂ ತಣ್ಣಗೆ. ಬಾಟಲಿಯನ್ನು ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನ ಬಿಡಲೇಬೇಡಿ. ಒಳಗೆ ವೈನ್ ಬೆಂದಂತಾಗಿ ಬಿರಡೆ ಮೇಲೆ ತಳ್ಳಿಕೊಂಡು ಬರುತ್ತದೆ. ನಿಮ್ಮ ತಮ್ಮ ಅಕ್ಲೂಜ್‌ನಿಂದ ಬಿಸಿಲಲ್ಲಿ ತಂದಿದ್ದರೆ ಆ ಬಾಟಲಿಗಳ ರುಚಿಯ ಮೇಲೂ ನನಗೆ ಭರವಸೆ ಕಡಿಮೆ.

750 ಮಿಲಿ ಬಾಟಲಿಯಲ್ಲಿ 150 ಮಿಲಿಯ ಐದು ಗ್ಲಾಸ್ ಬರುತ್ತದೆ. ಅವ್ವನಿಗೆ, ಮಿಕ್ಕ ಹೆಂಗಸರಿಗೆ, ಕುಡಿಯದ ಗಂಡಸರಿಗೆ ಅದೇ ಗ್ಲಾಸ್‌ಗಳಲ್ಲಿ ದ್ರಾಕ್ಷಿ ಜ್ಯೂಸ್ ಇಡಿಸಿ, ಯಾರನ್ನೂ ಒತ್ತಾಯ ಮಾಡಬೇಡಿ. ಅವ್ವನೇ ಒಂದು ಗುಟುಕು ನೋಡ್ತೀನಿ ಅಂದರೆ ತಡೆಯಲೂ ಬೇಡಿ. ಅಪ್ಪ ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಅವರ ಡಾಕ್ಟರನ್ನು ಮೊದಲೇ ಒಂದು ಮಾತು ಕೇಳಿ. ವೈನ್ ಹೃದಯಕ್ಕೆ ಔಷಧಿ ಅಂತ ಹೇಳಿ ಕುಡಿಸಬೇಡಿ, ಅದು ಔಷಧಿ ಅಲ್ಲ.

ಊಟದ ದಿನ ಯಾವುದು ಅಂತ ನೀವು ಬರೆದಿಲ್ಲ. ಅದು ಅಕ್ಟೋಬರ್ 2 ಅಥವಾ ಮತದಾನದ ಹೊತ್ತಿನ, ಮದ್ಯ ಮಾರಾಟ ಇಲ್ಲದ 'ಡ್ರೈ ಡೇ' ಆಗಿದ್ದರೆ ಹೋಟೆಲಿನಲ್ಲಿ ಅವರ ಬಾಟಲಿಯೂ ಇಲ್ಲ, ನಿಮ್ಮದೂ ಇಲ್ಲ, ಕ್ಯಾಲೆಂಡರ್ ನೋಡಿಕೊಳ್ಳಿ. ವಾಪಸ್ ಬರುವಾಗ ಗಾಡಿ ಓಡಿಸುವವರು ಒಂದು ಗ್ಲಾಸ್ ಕೂಡ ಮುಟ್ಟದಿರಲಿ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಅಲ್ಕೋಹಾಲ್ ದಾಟಿದರೆ ಮೊದಲ ಸಲಕ್ಕೇ ಹತ್ತು ಸಾವಿರ ದಂಡ, ಆರು ತಿಂಗಳ ತನಕ ಜೈಲೂ ಆಗಬಹುದು. ರಾತ್ರಿ ತಿಕೋಟಾ ರಸ್ತೆಯಲ್ಲಿ ಟ್ರ್ಯಾಕ್ಟರ್‌ಗಳು ಹಿಂದಿನ ಲೈಟ್ ಇಲ್ಲದೆ ನಿಂತಿರುತ್ತವೆ. ಮೊದಲೇ ಒಬ್ಬ ಡ್ರೈವರ್‌ಗೆ ಹೇಳಿಟ್ಟು, ಅವನಿಗೂ ಅಲ್ಲೇ ಊಟ ಹಾಕಿಸಿ.